ಮಂಗಳವಾರದ ತಲೆನೋವು

ನರ್ಸ್ ಅಪ್ಪನ ನಾಲಿಗೆ ಕೆಳಗೆ ಒಂದು ಪುಟ್ಟ ಮಾತ್ರೆ ಇಟ್ಟಾಗ ರಾತ್ರಿ ಹನ್ನೊಂದೂವರೆ. ಅದಕ್ಕೆ ಒಂದು ಗಂಟೆ ಮುಂಚೆ ನಾನು ಆಫೀಸಿನ ಕಾಲ್‌ನಲ್ಲಿದ್ದೆ. ಅವತ್ತಿನ ರಿಲೀಸು ಕೈಕೊಟ್ಟಿತ್ತು, ನಾಲ್ಕು ಊರಿನ ನಾಲ್ಕು ಜನ ಒಬ್ಬರ ಮಾತಿನ ಮೇಲೊಬ್ಬರು ಮಾತಾಡ್ತಿದ್ರು. ಅಮ್ಮ ಬಾಗಿಲಲ್ಲಿ ನಿಂತು ಕೈಸನ್ನೆ ಮಾಡಿದಳು. ನಾನೂ "ಇರು" ಅಂತ ಕೈಸನ್ನೆ ಮಾಡಿದೆ. ಎರಡನೇ ಸಲ ಬಂದಾಗ ಸನ್ನೆಗಿನ್ನೆ ಏನೂ ಇಲ್ಲ. "ನಿಮ್ಮಪ್ಪಂಗೆ ಎದೆ ಹಿಡ್ಕಂಡೈತೆ. ಅದನ್ನ ಮುಚ್ಚು" ಅಂದಳು.

ಇದು ಮೂರು ವರ್ಷದ ಹಿಂದಿನ ಮಾತು. ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು, ರಕ್ತ ತಗೊಂಡರು. ಡ್ಯೂಟಿ ಡಾಕ್ಟರು ನನಗಿಂತ ಹತ್ತು ವರ್ಷ ಚಿಕ್ಕವನು. ಹಾರ್ಟ್ ಅಟ್ಯಾಕ್ ಥರ ಕಾಣ್ತಿಲ್ಲ, ಆಂಜೈನಾ ಇರಬೇಕು, ಬೆಳಗಿನ ತನಕ ನೋಡೋಣ ಅಂದ. ಆ ಮಾತ್ರೆ ಸಾರ್ಬಿಟ್ರೇಟ್. ಇಟ್ಟು ಐದು ನಿಮಿಷಕ್ಕೆ ಅಪ್ಪನ ಮುಖದ ಬಿಗಿ ಸಡಿಲವಾಯ್ತು, ಉಸಿರು ನೇರ ಆಯ್ತು. ಇನ್ನೈದು ನಿಮಿಷಕ್ಕೆ ಮುಖ ಕೆಂಪಾಗಿ, ಎರಡೂ ಕೈಯಲ್ಲಿ ಕಣತಲೆ ಒತ್ತಿಕೊಂಡು ಕಣ್ಣು ಮುಚ್ಚಿದ. ಆಮೇಲೆ ಕಣ್ಣು ಬಿಡದೇ ಹೇಳಿದ:

"ಮಗಾ, ಇದು ಬಾವಿ ತಲೆನೋವು ಕಣೋ."

ಏನೋ ಬಡಬಡಿಸ್ತಿದಾನೆ ಅಂದುಕೊಂಡೆ. "ಈ ಮಾತ್ರೆಗೆ ತಲೆನೋವು ಕಾಮನ್, ಹೆದರ್ಬೇಡಿ" ಅಂತ ಡಾಕ್ಟರ್ ಹೇಳಿಹೋದ. ಅಪ್ಪ ಬಿಡಲಿಲ್ಲ. "ಅದೇ ನೋವು. ಇಲ್ಲಿಂದ ಶುರುವಾಗಿ ಹಿಂಗ್ ಹೋಗ್ತದೆ, ನಾಡಿ ಬಡದಂಗೆ ಬಡೀತದೆ. ಇಪ್ಪತ್ತೈದು ವರ್ಷ ಆದ್ರೂ ಗುರುತು ಸಿಕ್ತು ನೋಡು." ಹಳೇ ಸ್ನೇಹಿತ ಮೆಜೆಸ್ಟಿಕ್‌ನಲ್ಲಿ ಎದುರಿಗೆ ಸಿಕ್ಕ ಹಾಗೆ ಒಂಥರಾ ಖುಷಿ ಇತ್ತು ದನಿಯಲ್ಲಿ. ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದ ಅಮ್ಮ ಮುಖ ಆಕಡೆ ತಿರುಗಿಸಿದಳು. ಯಾಕಂದ್ರೆ ಆ ತಲೆನೋವು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು, ಅದಕ್ಕೆ ಕಾರಣವೂ ಎಲ್ಲರಿಗೂ ಗೊತ್ತು. ಆ ಕಾರಣಕ್ಕೆ ಸಾಕ್ಷಿ ಹೇಳಿದವನು ನಾನೇ.

ನಮ್ಮೂರು ಶಿರಾ ಸೀಮೆ. ಶೇಂಗಾ, ರಾಗಿ, ಜಾಲಿ ಮರ, ಬಂಡೆ. ನಾನು ಹುಡುಗನಾಗಿದ್ದಾಗ, ಅಂದ್ರೆ 1990ರ ದಶಕದಲ್ಲಿ, ತೆರೆದ ಬಾವಿಗಳಲ್ಲಿ ನೀರು ಪ್ರತಿವರ್ಷ ಕೆಳಕ್ಕೆ ಹೋಗ್ತಿತ್ತು. ಶಿವರಾತ್ರಿ ಕಳೆದು ಬಿಸಿಲು ಏರಿತೆಂದರೆ ಬಾವಿ ಆಳ ಮಾಡಿಸುವ ಕೆಲಸ ಶುರು. ಮೇಲಿನ ಮಣ್ಣು, ಗೊಚ್ಚು ಎಲ್ಲ ಯಾವತ್ತೋ ಮುಗಿದಿತ್ತು, ಉಳಿದದ್ದು ಬರೀ ಬಂಡೆ. ಹಾರೆಗೆ ಬಗ್ಗದ ಬಂಡೆ. ಅದಕ್ಕೆ ಮದ್ದಿಡಬೇಕು.

ಬೇಸಿಗೆಯಲ್ಲಿ ಹೊಲದ ಕೆಲಸ ಇಲ್ಲದ್ದರಿಂದ ಅಪ್ಪ ಒಬ್ಬ ಮೇಸ್ತ್ರಿಯ ಜೊತೆ ಸೇರಿಕೊಂಡಿದ್ದ. ಲೈಸೆನ್ಸು ಇದ್ದದ್ದು ಮೇಸ್ತ್ರಿಗೆ, ಕೈ ಇದ್ದದ್ದು ಅಪ್ಪನಿಗೆ. ಕಂಪ್ರೆಸರ್‌ನವರು ಬಂಡೆಗೆ ಕುಳಿ ಹೊಡೆದು ಮೇಲೆ ಬಂದಮೇಲೆ ಅಪ್ಪ ಇಳೀತಿದ್ದ. ಜಿಲೆಟಿನ್ ಕಡ್ಡಿಗಳು ಮೇಣದ ಕಾಗದದಲ್ಲಿ ಸುತ್ತಿ ಬರ್ತಿದ್ದವು, ಕೈಗೆ ಎಣ್ಣೆ ಎಣ್ಣೆ. ಬೇಕಾದಷ್ಟು ಉದ್ದಕ್ಕೆ ಕತ್ತರಿಸಿ, ಕೇಪು ಸೇರಿಸಿ, ಮರದ ಕೋಲಿನಲ್ಲಿ ಮೆಲ್ಲಗೆ ಕುಳಿಗೆ ತಳ್ಳಿ, ಮೇಲೆ ಜೇಡಿಮಣ್ಣು ತುಂಬೋದು. ಎಲ್ಲಾ ಬರಿಗೈಯಲ್ಲೇ. ಗ್ಲೌಸು ಅನ್ನೋ ಪದ ನಮ್ಮೂರಲ್ಲಿ ಕ್ರಿಕೆಟ್ ಕಾಮೆಂಟ್ರಿಯಲ್ಲಿ ಬಿಟ್ಟರೆ ಬೇರೆಲ್ಲೂ ಕೇಳಿರಲಿಲ್ಲ. ಆಮೇಲೆ ಬತ್ತಿಗೆ ಬೆಂಕಿ, ಹಗ್ಗ ಹಿಡಿದು ಮೇಲೆ ಬರೋದು, "ಮದ್ದಿಟ್ಟೈತೆ, ದೂರ ಹೋಗ್ರಪ್ಪೋ" ಅಂತ ನಾಲ್ಕು ದಿಕ್ಕಿಗೂ ಕೂಗು. ನಾವು ಹುಡುಗರು ಹುಣಸೇಮರದ ಹಿಂದೆ ಕೂತು ಸದ್ದು ಎಣಿಸ್ತಿದ್ವಿ. ಎಂಟು ಕುಳಿಗೆ ಎಂಟು ಸದ್ದು ಬರಬೇಕು. ಏಳೇ ಬಂದರೆ ಅವತ್ತಿಗೆ ಯಾರೂ ಬಾವಿಗೆ ಇಳಿಯೋ ಹಾಗಿಲ್ಲ. ಎಂಟೂ ಬಂದರೆ ಹೊಗೆ ಪೂರ್ತಿ ಆರುವ ಮೊದಲೇ ಅಪ್ಪ ಮತ್ತೆ ಕೆಳಗೆ.

ಮೇಸ್ತ್ರಿ ವಾರಕ್ಕೊಮ್ಮೆ ಮದ್ದಿನ ಪೆಟ್ಟಿಗೆಯನ್ನು ತಲೆಕೆಳಗು ಮಾಡಿಡ್ತಿದ್ದ. "ಬೆವರ್ತದೆ" ಅಂತಿದ್ದ. ಕಡ್ಡಿ ಯಾಕೆ ಬೆವರುತ್ತೆ ಅಂತ ಕೇಳಿದರೆ "ನಿನಗೂ ಸೆಕೆ ಆಗಲ್ವಾ?" ಅಂತ ನಗೋನು.

ನಮ್ಮ ಕಡೆ ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲಿಗೆ ನೊಗ ಇಡಲ್ಲ. ಹೋಬಳಿಯ ಸಂತೆಯೂ ಅವತ್ತೇ. ಭಾನುವಾರ ಸಂಜೆ ಬಟವಾಡೆ, ಸೋಮವಾರ ರಜ. ಮಂಗಳವಾರ ಬೆಳಿಗ್ಗೆ ಅಪ್ಪ ಕೆಲಸಕ್ಕೆ ಹೋದರೆ ಮಧ್ಯಾಹ್ನದ ಹೊತ್ತಿಗೆ ತಲೆ ಹಿಡ್ಕೊಂಡು ಬರ್ತಿದ್ದ. ಒದ್ದೆ ಟವಲು ಕಟ್ಟಿಕೊಂಡು ಜಗಲಿ ಮೇಲೆ ಮಲಗಿ "ಕಡಕ್ಕಾಗಿ ಒಂದು ಕಾಫಿ ಕೊಡು" ಅಂತ ಕೇಳ್ತಿದ್ದ. ಬುಧವಾರ ಕಡಿಮೆ, ಗುರುವಾರದಿಂದ ಭಾನುವಾರದ ತನಕ ಏನೂ ಇಲ್ಲ. ಮತ್ತೆ ಮಂಗಳವಾರ. ಸೋಮವಾರ ಸಂತೆ, ಸಂತೆಯ ಮೂಲೆಯಲ್ಲಿ ಸಾರಾಯಿ ಪ್ಯಾಕೆಟ್ಟಿನ ಅಂಗಡಿ, ಮಂಗಳವಾರ ತಲೆನೋವು. ಅಮ್ಮನಿಗೆ ಇದರಲ್ಲಿ ಲೆಕ್ಕ ಹಾಕೋಕೆ ಏನೂ ಉಳಿದಿರಲಿಲ್ಲ. ನಾವು ಆಫೀಸಿನಲ್ಲಿ ದಿನಾ ಮಾಡೋದೂ ಇದನ್ನೇ ಅಲ್ವಾ, ಎರಡು ಗ್ರಾಫು ಒಟ್ಟಿಗೆ ಏರಿದರೆ ಸಾಕು, ರೂಟ್ ಕಾಸ್ ಸಿಕ್ತು ಅಂತ ಟಿಕೆಟ್ ಮುಚ್ಚೋದು.

ಅಪ್ಪ ಹೇಳಲಿಲ್ಲ ಅಂತಲ್ಲ. "ಮದ್ದಿಗೆ ನೋಯ್ತೈತೆ" ಅಂದಿದ್ದನಂತೆ. ಅದು ಅಜ್ಜಿಯ ಕಿವಿಗೆ ಬಿದ್ದು ಬೇರೆಯೇ ರಾದ್ಧಾಂತ ಆಯ್ತು. ನಮ್ಮ ಭಾಷೆಯಲ್ಲಿ ಬಂಡೆ ಸಿಡಿಸೋದೂ ಮದ್ದು, ಕೆಮ್ಮಿಗೆ ಕುಡಿಯೋದೂ ಮದ್ದು, ಆಗದವರು ಊಟದಲ್ಲಿ ಬೆರೆಸಿ ಹಾಕ್ತಾರೆ ಅಂತ ಹೆದರೋದೂ ಮದ್ದು. ಅಜ್ಜಿಗೆ ಕೇಳಿಸಿದ್ದು ಈ ಮೂರನೇದು. ಮಗನಿಗೆ ಯಾರೋ ಮದ್ದು ಹಾಕಿದಾರೆ ಅಂತ, ಮದ್ದು ತೆಗೆಯೋರ ಹತ್ರ ಕರ್ಕೊಂಡು ಹೋಗಿ ಏನೋ ಕುಡಿಸಿ ವಾಂತಿ ಮಾಡಿಸಿಕೊಂಡು ಬಂದಳು. ಪಾಪ, ಆ ಮಂಗಳವಾರ ಅಪ್ಪನಿಗೆ ತಲೆನೋವಿನ ಜೊತೆ ಹೊಟ್ಟೆನೋವೂ.

1994ರ ಬೇಸಿಗೆ. ನನಗೆ ಹತ್ತು ವರ್ಷ, ಪರೀಕ್ಷೆ ಮುಗಿದಿತ್ತು. ಮಂಗಳವಾರ ಮಧ್ಯಾಹ್ನ ಅಮ್ಮ ನನ್ನನ್ನು ಒಳಗೆ ಕರೆದು "ನಿಮ್ಮಪ್ಪನ ಹತ್ರ ಹೋಗಿ ಬಾಯಿ ಮೂಸ್ಕಂಡ್ ಬಾ. ಏನೂ ಗೊತ್ತಿಲ್ದಂಗೆ ಹೋಗು" ಅಂದಳು. ಏನೂ ಗೊತ್ತಿಲ್ಲದ ಹಾಗೆ ಹೋಗೋದು ಹತ್ತು ವರ್ಷದವನಿಗೆ ಎಲ್ಲಿ ಬರುತ್ತೆ. ಜಗಲಿಯ ಹತ್ತಿರ ನಿಂತು ತಡವರಿಸ್ತಿದ್ದೆ. ಅಪ್ಪನಿಗೆ ಅರ್ಥವಾಯ್ತು. ಎದ್ದು ಕೂತು, ನನ್ನ ಎತ್ತರಕ್ಕೆ ಬಗ್ಗಿ, ಬಾಯಿ ತೆಗೆದು "ಹಾ" ಅಂತ ಉಸಿರು ಬಿಟ್ಟ. ಬೀಡಿ, ಈರುಳ್ಳಿ. ಅದರ ಜೊತೆ, ಬಾಯಿಂದಲೋ ಕೈಯಿಂದಲೋ ಅಂಗಿಯಿಂದಲೋ ಗೊತ್ತಿಲ್ಲ, ಎಣ್ಣೆಯಂಥ ಒಂದು ಸಿಹಿ ವಾಸನೆ. ಸಾರಾಯಿ ವಾಸನೆ ಹೇಗಿರುತ್ತೆ ಅಂತ ನನಗೇನು ಗೊತ್ತು? ಒಳಗೆ ಹೋಗಿ "ಏನೋ ಸಿಹಿ ವಾಸ್ನೆ ಬರ್ತೈತೆ" ಅಂದೆ.

ಅವತ್ತು ಸಂಜೆ ಬಸ್ಸಿಗೆ ಅಮ್ಮ, ನಾನು, ಒಂದು ಟ್ರಂಕು, ತಾತನ ಊರು. 22 ದಿನ ಇದ್ವಿ. ಕೊನೆಗೆ ಅಪ್ಪ, ದೊಡ್ಡಪ್ಪ ಇಬ್ಬರೂ ಬಂದರು. ಮನೆದೇವರ ಮುಂದೆ ಕರ್ಪೂರ ಹಚ್ಚಿ ಇನ್ನು ಕುಡಿಯಲ್ಲ ಅಂತ ಅಪ್ಪ ಆಣೆ ಮಾಡಿದಮೇಲೆ ಅಮ್ಮ ವಾಪಸು ಬಸ್ ಹತ್ತಿದಳು. ಮುಂದಿನ ಮಂಗಳವಾರ ಮತ್ತೆ ತಲೆನೋವು. ಈಗ ಅದು ಬರೀ ಕುಡಿತವಲ್ಲ, ದೇವರ ಆಣೆ ಮುರಿದದ್ದು. ಅಮ್ಮ ಜಗಳ ಆಡೋದನ್ನೇ ಬಿಟ್ಟುಬಿಟ್ಟಳು. ನನಗೆ ನೆನಪಿರೋದು ಆ ಮೌನವೇ. ಕಾಫಿ ಕೇಳಿದರೆ ಕೊಡ್ತಿದ್ದಳು, ಲೋಟ ಸ್ವಲ್ಪ ದೂರಕ್ಕೆ ಇಟ್ಟು. ಮುಂದೆ ಮೂರ್ನಾಲ್ಕು ವರ್ಷಕ್ಕೆ ಊರಿಗೆ ಬೋರ್‌ವೆಲ್ ಲಾರಿಗಳು ಬಂದವು, ಬಾವಿ ಆಳ ಮಾಡಿಸೋರು ಯಾರೂ ಉಳಿಯಲಿಲ್ಲ. ಅಪ್ಪನ ತಲೆನೋವೂ ನಿಂತಿತು. ಅಮ್ಮ ಹರಕೆ ಫಲಿಸಿತು ಅಂತ ದೇವರಿಗೆ ಬೆಳ್ಳಿ ಕಣ್ಣು ಮಾಡಿಸಿಕೊಟ್ಟಳು.

ಆಸ್ಪತ್ರೆಯ ಆ ರಾತ್ರಿ ನಿದ್ದೆ ಇಲ್ಲ. ಕಾರಿಡಾರಿನ ಬೆಂಚಿನಲ್ಲಿ ಕೂತು ಫೋನ್ ತೆಗೆದು ಸಾರ್ಬಿಟ್ರೇಟ್ ಅಂದ್ರೇನು ಅಂತ ಹುಡುಕಿದೆ. ಐಸೋಸಾರ್ಬೈಡ್ ಡೈನೈಟ್ರೇಟ್. ನೈಟ್ರೋಗ್ಲಿಸರಿನ್ನಿನ ದಾಯಾದಿ. ನೈಟ್ರೋಗ್ಲಿಸರಿನ್ ಅಂದ್ರೆ ಜಿಲೆಟಿನ್ ಕಡ್ಡಿಯ ಎಣ್ಣೆ. ಬೆಳಗಿನ ಜಾವ ನಾಲ್ಕರವರೆಗೂ ಓದುತ್ತಾ ಕೂತೆ.

ಬಿಇಯಲ್ಲಿ ಕೆಮಿಸ್ಟ್ರಿ ಒಂದೇ ಸೆಮಿಸ್ಟರು, ಅದೂ ಹೇಗೋ ಪಾಸು. ಆದರೂ ಅರ್ಥವಾದಷ್ಟು ಹೇಳ್ತೀನಿ. ಗ್ಲಿಸರಿನ್ ನಿಮಗೆ ಗೊತ್ತು, ಚಳಿಗಾಲದಲ್ಲಿ ತುಟಿಗೆ ಹಚ್ಚೋದು. ಮೂರು ಕಾರ್ಬನ್ನಿನ ಪುಟ್ಟ ಬೆನ್ನೆಲುಬು. ಆ ಮೂರಕ್ಕೂ ಒಂದೊಂದು ನೈಟ್ರೇಟ್ ಗುಂಪು, ಅಂದರೆ ಒಂದು ನೈಟ್ರೋಜನ್ನು ಮೂರು ಆಕ್ಸಿಜನ್ನು, ತಗುಲಿಕೊಂಡರೆ ನೈಟ್ರೋಗ್ಲಿಸರಿನ್. ಸೌದೆ ಉರಿಯಬೇಕಾದರೆ ಹೊರಗಿನ ಗಾಳಿ ಬೇಕು, ಅದಕ್ಕೇ ನಿಧಾನ ಉರಿಯುತ್ತೆ, ಊದುಕೊಳವೆ ಹಿಡಿದು ಊದಬೇಕು. ಇಲ್ಲಿ ಸೌದೆಯೂ ಗಾಳಿಯೂ ಒಂದೇ ಅಣುವಿನೊಳಗೆ ಬೆನ್ನಿಗೆ ಬೆನ್ನು ತಾಗಿಸಿ ಕೂತಿವೆ. ನಡುವೆ ತಡೆದು ನಿಂತಿರೋದು ನೈಟ್ರೋಜನ್. ಅದಕ್ಕೆ ಅಲ್ಲಿ ನಿಲ್ಲೋದು ಇಷ್ಟವೇ ಇಲ್ಲ. ಇನ್ನೊಂದು ನೈಟ್ರೋಜನ್ ಸಿಕ್ಕರೆ ಮೂರು ಬಂಧ ಬೆಸೆದುಕೊಂಡು ಹಾಯಾಗಿರೋದು ಅದರ ಸ್ವಭಾವ, ನಾವು ಉಸಿರಾಡೋ ಗಾಳಿಯಲ್ಲಿ ನೂರಕ್ಕೆ 78 ಪಾಲು ಹೀಗೆ ಜೋಡಿಯಾಗಿರೋ ನೈಟ್ರೋಜನ್ನೇ. ಶುಕ್ರವಾರ ಸಂಜೆ ಬ್ಯಾಗು ಹೆಗಲಿಗೇರಿಸಿಕೊಂಡು ಊರ ಬಸ್ಸು ಯಾವಾಗ ಅಂತ ನೋಡ್ತಿರೋ ಪಿಜಿ ಹುಡುಗನ ಹಾಗೆ, ಒಂದು ನೆಪ ಸಿಕ್ಕರೆ ಹೊರಟೇಬಿಡುತ್ತೆ.

ಅಣುವಿನಲ್ಲಿ ಎಲ್ಲಕ್ಕಿಂತ ದುರ್ಬಲವಾದ ಜಾಗ ಆಕ್ಸಿಜನ್ನಿಗೂ ಆ ನೈಟ್ರೋಜನ್ನಿಗೂ ನಡುವಿನ ಬಂಧ. ಕಾರ್ಬನ್ ಕಾರ್ಬನ್ ನಡುವಿನ ಬಂಧಕ್ಕೆ ಹೋಲಿಸಿದರೆ ಸುಮಾರು ಅರ್ಧ ಗಟ್ಟಿ. ಒಡೆಯೋದು ಅಲ್ಲೇ. ಆದರೆ ಎಷ್ಟು ಬೇಗ ಒಡೆಯುತ್ತೆ, ಎಲ್ಲಿ ಒಡೆಯುತ್ತೆ ಅನ್ನೋದರ ಮೇಲೆ ಅದು ಬೇರೆ ಬೇರೆ ಅವತಾರ ಎತ್ತುತ್ತೆ.

ಬರೀ ಬಿಸಿಲಿಗೆ, ಹಳೇದಾದ್ದಕ್ಕೆ ಒಡೆಯೋದು ನಿಧಾನ. ಒಂದು ಅಣುವಿನ ಒಂದು ಕೈ ಮುರಿದು ನೈಟ್ರೋಜನ್ ಡೈಆಕ್ಸೈಡ್ ಅನ್ನೋ ಕಂದು ಅನಿಲ ಹೊರಗೆ ಬರುತ್ತೆ. ತೇವ ಸಿಕ್ಕರೆ ಅದು ಆಮ್ಲವಾಗುತ್ತೆ, ಆ ಆಮ್ಲ ಪಕ್ಕದ ಅಣುಗಳನ್ನು ಒಡೆಯೋಕೆ ನೆರವಾಗುತ್ತೆ, ಅಲ್ಲಿಂದ ಇನ್ನಷ್ಟು ಆಮ್ಲ. ಒಂದು ಸರ್ವರ್ ಬಿದ್ದು, ಅದರ ಹೊರೆ ಉಳಿದವುಗಳ ಮೇಲೆ ಬಿದ್ದು, ಎಲ್ಲರೂ ರೀಟ್ರೈ ಒತ್ತಿ ಒತ್ತಿ ಇಡೀ ಕ್ಲಸ್ಟರೇ ಮಲಗೋದನ್ನ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇದನ್ನು ತಡೆಯೋದಕ್ಕೇ ಕಡ್ಡಿಗೆ ಸುಣ್ಣದ ಪುಡಿಯಂಥದ್ದನ್ನು, ಕ್ಯಾಲ್ಸಿಯಂ ಕಾರ್ಬೊನೇಟನ್ನು, ಮೊದಲೇ ಬೆರೆಸಿರ್ತಿದ್ರು, ಆಮ್ಲ ಹುಟ್ಟಿದ ಹಾಗೇ ನುಂಗಿಕೊಳ್ಳಲಿ ಅಂತ. ಮೇಸ್ತ್ರಿ ಹೇಳ್ತಿದ್ದ ಬೆವರು ಬೇರೆ, ಅದು ಹಳೇ ಕಡ್ಡಿಯಿಂದ ಹೊರಕ್ಕೆ ಜಿನುಗೋ ನೈಟ್ರೋಗ್ಲಿಸರಿನ್ನೇ. ಪೆಟ್ಟಿಗೆ ತಿರುಗಿಸಿಡೋದು ಅದು ಒಂದೇ ಕಡೆ ಇಳಿದು ಕೂಡದಿರಲಿ ಅಂತ. ಆ ಪೆಟ್ಟಿಗೆಯ ಮೇಲೆ ನಾನು ಕೂತು ಕಡ್ಲೆಕಾಯಿ ತಿಂದಿದೀನಿ.

ಕೇಪಿನ ಪೆಟ್ಟು ಬಿದ್ದಾಗಿನ ಕಥೆಯೇ ಬೇರೆ. ಆ ಪೆಟ್ಟಿನ ಅಲೆ ಸೆಕೆಂಡಿಗೆ ಏಳು ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಹಾದುಹೋಗಬಲ್ಲದು, ಹೋದಲ್ಲೆಲ್ಲ ಅಣುಗಳನ್ನು ಒತ್ತಿ ಕಾಯಿಸಿ ಪೂರ್ತಿ ಕಳಚಿಹಾಕುತ್ತೆ. ನಾಲ್ಕು ಅಣು ನೈಟ್ರೋಗ್ಲಿಸರಿನ್ ಒಡೆದರೆ 12 ಕಾರ್ಬನ್ ಡೈಆಕ್ಸೈಡ್, 10 ನೀರಾವಿ, 6 ನೈಟ್ರೋಜನ್, 1 ಆಕ್ಸಿಜನ್. ಒಟ್ಟು 29, ಎಲ್ಲವೂ ಅನಿಲ, ಎಲ್ಲವೂ ಕಾದು ಕೆಂಡ. ಬೆರಳು ಗಾತ್ರದ ಕುಳಿಯಲ್ಲಿ ಅವಕ್ಕೆ ಜಾಗ ಎಲ್ಲಿ? ಬಂಡೆ ಬಿಟ್ಟುಕೊಡಲೇಬೇಕು. ಕೊನೆಯಲ್ಲಿ ಒಂದು ಆಕ್ಸಿಜನ್ ಮಿಕ್ಕಿರುತ್ತೆ ನೋಡಿ, ತನ್ನನ್ನು ತಾನು ಪೂರ್ತಿ ಉರಿಸಿಕೊಂಡಮೇಲೂ ಸ್ವಲ್ಪ ಗಾಳಿ ಉಳಿಸಿಕೊಂಡಿರುತ್ತೆ. ಅದು ನನಗೆ ಯಾಕೋ ಬಹಳ ಹಿಡಿಸಿತು.

ಇನ್ನೊಂದು ಒಡೆಯುವಿಕೆ ಮೈಯೊಳಗಿನದು. ಅಪ್ಪನ ತಲೆನೋವು ಇರೋದು ಅಲ್ಲಿ.

1847ರಲ್ಲಿ ಇಟಲಿಯ ಟುರಿನ್‌ನಲ್ಲಿ ಇದನ್ನು ಮೊದಲು ತಯಾರಿಸಿದ ಅಸ್ಕಾನಿಯೋ ಸೊಬ್ರೆರೋ ಒಂದಿಷ್ಟು ನಾಲಿಗೆಗೆ ತಾಗಿಸಿ ನೋಡಿದ್ದ. (ಆಗಿನ ಕೆಮಿಸ್ಟುಗಳಿಗೆ ಎಲ್ಲವನ್ನೂ ನೆಕ್ಕಿ ನೋಡುವ ಚಟ.) ವಿಪರೀತ ತಲೆನೋವು ಬರುತ್ತೆ, ಹುಷಾರು ಅಂತ ಅವತ್ತೇ ಬರೆದಿಟ್ಟ. ಅಂದರೆ ಸಿಡಿಯೋದು ಗೊತ್ತಾದಷ್ಟೇ ಹಳೇದು ಈ ತಲೆನೋವೂ. ಆಲ್ಫ್ರೆಡ್ ನೊಬೆಲ್ ಕಥೆ ನೀವು ಶಾಲೆಯಲ್ಲಿ ಓದಿರ್ತೀರಿ: 1864ರಲ್ಲಿ ಸ್ಟಾಕ್‌ಹೋಮಿನ ಅವರ ಕಾರ್ಖಾನೆ ಸಿಡಿದು ತಮ್ಮ ಎಮಿಲ್ ಸತ್ತ, 1867ರಲ್ಲಿ ಈ ಎಣ್ಣೆಯನ್ನು ಒಂದು ಜಾತಿಯ ಮಣ್ಣಿಗೆ ಹೀರಿಸಿ ಡೈನಮೈಟ್ ಮಾಡಿದ, 1875ರಲ್ಲಿ ಜಿಲೆಟಿನ್ ರೂಪ ಕೊಟ್ಟ. ಅಪ್ಪನ ಕೈಗೆ ಬಂದದ್ದು ಅದರ ಮೊಮ್ಮಗ. ಶಾಲೆಯಲ್ಲಿ ಹೇಳದೇ ಇದ್ದದ್ದು ಮುಂದಿನದು. 1879ರಲ್ಲಿ ವಿಲಿಯಂ ಮರೆಲ್ ಎಂಬ ಲಂಡನ್ನಿನ ಡಾಕ್ಟರ್, ನೈಟ್ರೋಗ್ಲಿಸರಿನ್ ದ್ರಾವಣದ ಬಾಟಲಿಯ ಬಿರಡೆಯನ್ನು ನಾಲಿಗೆಗೆ ತಾಗಿಸಿಕೊಂಡು ತನ್ನ ನಾಡಿ ಬಡಿಯೋದನ್ನು ಗಮನಿಸಿದವನು, ಅದನ್ನು ಎದೆನೋವಿನ ರೋಗಿಗಳಿಗೆ ಕೊಟ್ಟು ಗುಣ ಕಂಡು ಬರೆದ. ಕೊನೆಗಾಲದಲ್ಲಿ, 1896ರಲ್ಲಿ, ನೊಬೆಲ್‌ಗೇ ಹೃದಯದ ತೊಂದರೆ ಬಂದು ವೈದ್ಯರು ಇದೇ ನೈಟ್ರೋಗ್ಲಿಸರಿನ್ ಬರೆದುಕೊಟ್ಟರು. ಜನ ಬೆಚ್ಚಿಬೀಳಬಾರದು ಅಂತ ಅದಕ್ಕೆ ಟ್ರೈನೈಟ್ರಿನ್ ಅಂತ ಹೆಸರಿಟ್ಟಿದಾರೆ, ವಿಧಿ ನೋಡು ಅಂತ ಅವನು ಒಂದು ಕಾಗದದಲ್ಲಿ ತಮಾಷೆ ಮಾಡಿದಾನೆ. ಕನ್ನಡದಲ್ಲಾಗಿದ್ದರೆ ಹೆಸರು ಬದಲಾಯಿಸೋ ಕೆಲಸವೇ ಇರ್ತಿರಲಿಲ್ಲ. ಎರಡಕ್ಕೂ ಮದ್ದು.

ಡೈನಮೈಟ್ ಕಾರ್ಖಾನೆಗಳಲ್ಲಿ ದುಡಿಯೋರಿಗೆ ಶುರುವಿನ ದಿನಗಳಲ್ಲಿ ಭಯಂಕರ ತಲೆನೋವು ಬರ್ತಿತ್ತು. ಚರ್ಮದ ಮೂಲಕ, ಉಸಿರಿನ ಮೂಲಕ ಅದು ಒಳಗೆ ಹೋಗುತ್ತೆ. ನಾಲ್ಕಾರು ದಿನಕ್ಕೆ ಮೈ ಒಗ್ಗಿಕೊಂಡು ನೋವು ನಿಲ್ಲುತ್ತೆ. ಭಾನುವಾರ ರಜ ಹಾಕಿ ಬಂದರೆ ಒಗ್ಗಿದ್ದೆಲ್ಲ ಮರೆತು ಮತ್ತೆ ಮೊದಲಿನಿಂದ. ಅದಕ್ಕೆ ಹೆಸರೇ ಸೋಮವಾರದ ತಲೆನೋವು. ಕೆಲವರು ರಜದ ದಿನವೂ ಆ ಎಣ್ಣೆಯನ್ನು ಹ್ಯಾಟಿನ ಪಟ್ಟಿಗೆ ಸವರಿಕೊಂಡು ಓಡಾಡ್ತಿದ್ರಂತೆ, ಒಗ್ಗಿದ ಮೈ ಒಗ್ಗಿದ ಹಾಗೇ ಇರಲಿ ಅಂತ. ನೋವಿಗೆ ಅವರು ಮಾಡ್ತಿದ್ದ ಉಪಾಯ ಕಡಕ್ ಕಾಫಿ.

ಆ ಸಾಲು ಓದಿ ಫೋನನ್ನು ಬೆಂಚಿನ ಮೇಲೆ ಬೋರಲು ಹಾಕಿಟ್ಟೆ. ಅವರಿಗೆ ಭಾನುವಾರ ರಜ, ಸೋಮವಾರ ತಲೆನೋವು. ನಮ್ಮೂರಲ್ಲಿ ಬಸವಣ್ಣನಿಗಾಗಿ ಸೋಮವಾರ ರಜ.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎತ್ತಿಕೊಂಡೆ. ಮೈಯೊಳಗೆ ನೈಟ್ರೋಗ್ಲಿಸರಿನ್ನನ್ನು ಸಿಡಿಸೋ ಕೇಪಿಲ್ಲ. ಅಲ್ಲಿರೋದು ಕಿಣ್ವಗಳು, ಅವು ಸಮಾಧಾನದಿಂದ ಒಂದೊಂದೇ ಕೈ ಬಿಡಿಸುತ್ತವೆ. ಬಿಡಿಸಿಕೊಂಡ ತುಣುಕಿನಿಂದ ಕೊನೆಗೆ ಸಿಗೋದು ನೈಟ್ರಿಕ್ ಆಕ್ಸೈಡ್, ಒಂದು ನೈಟ್ರೋಜನ್ ಒಂದು ಆಕ್ಸಿಜನ್, ಅಷ್ಟೇ. ಅದು ರಕ್ತನಾಳದ ಗೋಡೆಯ ಸ್ನಾಯುವಿಗೆ ಸಡಿಲಾಗು ಅನ್ನುತ್ತೆ. ನಾಳಗಳು ಅಗಲವಾದರೆ ಹೃದಯಕ್ಕೆ ವಾಪಸು ಬರುವ ರಕ್ತದ ಒತ್ತಡ ಇಳಿಯುತ್ತೆ, ಅದರ ದುಡಿಮೆ ಕಡಿಮೆಯಾಗುತ್ತೆ, ಎದೆ ಹಗುರ. ತಲೆಯ ನಾಳಗಳೂ ಅಗಲವಾಗ್ತವೆ, ಅದಕ್ಕೇ ಕಣತಲೆ ಬಡಿತ. ಈ ಪುಟ್ಟ ಅನಿಲ ದೇಹದೊಳಗೆ ಸುದ್ದಿ ಸಾಗಿಸೋ ಕೆಲಸ ಮಾಡುತ್ತೆ ಅಂತ ತೋರಿಸಿದ್ದಕ್ಕೆ ಫರ್ಚ್‌ಗಾಟ್, ಇಗ್ನಾರೋ, ಮುರಾದ್ ಮೂವರಿಗೆ 1998ರಲ್ಲಿ ಪ್ರಶಸ್ತಿ ಬಂತು. ಯಾವ ಪ್ರಶಸ್ತಿ ಅಂತ ಹೇಳಬೇಕಿಲ್ಲ.

ನನ್ನನ್ನು ಕೂತಲ್ಲೇ ಕೂರಿಸಿದ್ದು ಇನ್ನೊಂದು. ನೈಟ್ರೋಗ್ಲಿಸರಿನ್ನನ್ನು ಬಿಡಿಸುವ ಮುಖ್ಯ ಕಿಣ್ವ ಯಾವುದು ಅಂತ 2002ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜೊನಾಥನ್ ಸ್ಟ್ಯಾಮ್ಲರ್ ತಂಡ ಪತ್ತೆ ಮಾಡಿತು. ಎಎಲ್‌ಡಿಎಚ್2 ಅಂತ ಅದರ ಚಿಕ್ಕ ಹೆಸರು. ಅದರ ಹಳೇ ಕೆಲಸ ಏನು ಗೊತ್ತಾ? ಕುಡಿದ ಹೆಂಡವನ್ನು ಜೀರ್ಣಿಸೋ ದಾರಿಯಲ್ಲಿ ಎರಡನೇ ಹೆಜ್ಜೆ. ಸಾರಾಯಿ ಮೊದಲು ಅಸೆಟಾಲ್ಡಿಹೈಡ್ ಅನ್ನೋ ವಿಷವಾಗುತ್ತೆ, ಅದನ್ನು ಸಾಧು ಮಾಡೋದು ಇದೇ ಕಿಣ್ವ. ಜಿಲೆಟಿನ್ ಎಣ್ಣೆಯೂ ಸಾರಾಯಿಯೂ ನಮ್ಮೊಳಗೆ ಹೋಗಿ ಒಂದೇ ಕೌಂಟರಿನ ಮುಂದೆ ಕ್ಯೂ ನಿಲ್ಲುತ್ತವೆ. ನೈಟ್ರೋಗ್ಲಿಸರಿನ್ ಬಿಡಿಸಿ ಬಿಡಿಸಿ ಈ ಕಿಣ್ವ ಸುಸ್ತಾಗುತ್ತೆ, ಆಮೇಲೆ ಬಂದದ್ದು ಅಷ್ಟಾಗಿ ಒಡೆಯೋದಿಲ್ಲ. ಮೈ ಒಗ್ಗೋದಕ್ಕೆ ಅದೂ ಒಂದು ಕಾರಣ. ಒಂದು ದಿನ ಬಿಟ್ಟರೆ ಚೇತರಿಸಿಕೊಳ್ಳುತ್ತೆ. ಈ ಮಾತ್ರೆಗಳನ್ನು ದಿನವಹಿ ತಗೊಳ್ಳೋರಿಗೆ ಡಾಕ್ಟರುಗಳು ದಿನಕ್ಕೆ ಕೆಲವು ಗಂಟೆ ಬಿಡುವು ಇರೋ ಹಾಗೆ ಹೊತ್ತು ಗೊತ್ತು ಮಾಡೋದೂ ಮೈ ಒಗ್ಗಿಹೋಗದಿರಲಿ ಅಂತಲೇ. ಅಮ್ಮ ಹಿಡಿದ ಕಳ್ಳ ತಪ್ಪು, ಆದರೆ ಅವಳು ಹುಡುಕಿದ ಬೀದಿ ಸರಿಯಾಗೇ ಇತ್ತು.

ಇನ್ನೊಂದನ್ನೂ ಓದಿದೆ, ಅದು ಹೆದರಿಸಿತು. ಕೆಲವು ಕಾರ್ಖಾನೆಗಳಲ್ಲಿ ರಜದ ದಿನಗಳಲ್ಲಿ, ಕೆಲಸಕ್ಕೆ ಮರಳುವ ಮುಂಚೆ, ಕೆಲಸಗಾರರಿಗೆ ಎದೆನೋವು ಬಂದದ್ದು, ಸತ್ತದ್ದೂ ಉಂಟು. ಎಣ್ಣೆಗೆ ಒಗ್ಗಿದ ನಾಳಗಳು ಎಣ್ಣೆ ಇಲ್ಲದಾಗ ಮುದುಡಿಕೊಳ್ತವೆ. ಬೆಳಿಗ್ಗೆ ಬಂದ ದೊಡ್ಡ ಡಾಕ್ಟರನ್ನು ಕೇಳಿದೆ, ಅಪ್ಪನ ಈ ಎದೆನೋವಿಗೂ ಅದಕ್ಕೂ ಸಂಬಂಧ ಇದೆಯಾ ಸಾರ್ ಅಂತ. ಅವರು ನನ್ನನ್ನೂ ನನ್ನ ಫೋನನ್ನೂ ನೋಡಿ, "ಇಪ್ಪತ್ತೈದು ವರ್ಷದ ಹಿಂದಿನದು ಬಿಡಿ. ದಿನಕ್ಕೆ ಎಷ್ಟು ಬೀಡಿ ಸೇದ್ತಿದ್ರು ಅದನ್ನ ಕೇಳಿ ಬನ್ನಿ" ಅಂದರು. ಒಂದು ಕಟ್ಟು. ಎರಡು ದಿನಕ್ಕೆ ಒಂದು ಸ್ಟೆಂಟು ಹಾಕಿ ಮನೆಗೆ ಕಳಿಸಿದರು.

ಅಂದಹಾಗೆ, ಪೇಪರಿನಲ್ಲಿ ಕಲ್ಲುಕ್ವಾರಿ ಸುದ್ದಿ ಬಂದಾಗ ಈಗಲೂ ಜಿಲೆಟಿನ್ ಅಂತಲೇ ಬರೀತಾರೆ. ಆದರೆ ನೈಟ್ರೋಗ್ಲಿಸರಿನ್ ಇರೋ ಸಿಡಿಮದ್ದನ್ನು ನಮ್ಮ ದೇಶದಲ್ಲಿ 2004ರಲ್ಲೇ ನಿಷೇಧಿಸಿದರು, ಈಗಿನವು ಹೆಚ್ಚಾಗಿ ಅಮೋನಿಯಂ ನೈಟ್ರೇಟಿನವು. ಅವಕ್ಕೆ ಆ ಸಿಹಿ ವಾಸನೆ ಇಲ್ಲ, ಆ ತಲೆನೋವೂ ಇಲ್ಲ. ಬೇರೆ ಅಪಾಯಗಳು ಹಾಗೇ ಇವೆ.

ಅಮ್ಮನಿಗೆ ಹೇಳೋಕೆ ನನಗೆ ಎರಡು ವಾರ ಬೇಕಾಯ್ತು. ಯಾವುದನ್ನ ಮೊದಲು ಹೇಳೋದು? ಕಿಣ್ವನಾ, ಬಸವಣ್ಣನ ವಾರನಾ, ನನ್ನ ಮೂಗಿನ ಸಾಕ್ಷಿನಾ? ಒಂದು ಸಂಜೆ ಊಟಕ್ಕೆ ಮುಂಚೆ ಹಾಲಿನಲ್ಲಿ ಮೂವರೂ ಕೂತಿದ್ವಿ, ಟೀವಿ ದನಿ ಕಮ್ಮಿ ಮಾಡಿ ಶುರು ಮಾಡಿದೆ. ಕಡ್ಡಿಯ ಎಣ್ಣೆ ಕೈಯಿಂದ ರಕ್ತಕ್ಕೆ ಹೋಗೋದು, ಒಂದು ದಿನ ಬಿಟ್ಟರೆ ಮತ್ತೆ ನೋಯೋದು, ವಿದೇಶದಲ್ಲೂ ಹೀಗೇ ಆಗ್ತಿದ್ದದ್ದು, ಅವರೂ ಕಾಫಿ ಕುಡೀತಿದ್ದದ್ದು. ಅಮ್ಮ ಅವರೇಕಾಯಿ ಸುಲಿಯೋದನ್ನು ನಿಲ್ಲಿಸಲಿಲ್ಲ. ಎಲ್ಲಾ ಕೇಳಿ ಮುಗಿದಮೇಲೆ ಅಪ್ಪನ ಕಡೆ ನೋಡದೇ ಕೇಳಿದಳು:

"ಹಂಗಾರೆ ಕುಡೀತಾನೇ ಇರ್ಲಿಲ್ವಾ?"

"ವರ್ಷಕ್ಕೊಂದ್ಸಲ ಮಾರಿಹಬ್ಬಕ್ಕೆ ಕುಡೀತಿದ್ದೆ. ಅದು ನಿಂಗೂ ಗೊತ್ತಿತ್ತು."

"ಮತ್ತೆ ದೇವರ ಮುಂದೆ ಆಣೆ ಯಾಕ್ ಮಾಡಿದ್ದು?"

ಅಪ್ಪ ರಿಮೋಟು ತಿರುಗಿಸ್ತಾ ಇದ್ದ. "ನೀನು ಬಸ್ ಹತ್ತಬೇಕಿತ್ತಲ್ಲ" ಅಂದ.

ಸುಲಿಯೋ ಕೈ ಆಗ ನಿಂತಿತು. ನನಗೆ ಇನ್ನು ತಡೆಯೋಕಾಗಲಿಲ್ಲ. ಅವತ್ತು ನಾನೇ ಅಪ್ಪ ಹೇಳಿದ್ದು, ಹಂಗೆ ಹೇಳ್ಬಾರದಿತ್ತು, ಸುಳ್ಳು ಹೇಳಿಬಿಟ್ಟೆ ಅಂದೆ. ಮೂವತ್ತನಾಲ್ಕು ವರ್ಷದವನ ದನಿ ಅಷ್ಟು ಸಣ್ಣದಾಗುತ್ತೆ ಅಂತ ಗೊತ್ತಿರಲಿಲ್ಲ.

"ಸುಳ್ಳೇನಿಲ್ಲ ಬಿಡು" ಅಂದ ಅಪ್ಪ. "ಸಿಹಿ ವಾಸ್ನೆ ಇತ್ತಲ್ಲ."

ಅಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಎದ್ದು ಅಡುಗೆಮನೆಗೆ ಹೋದಳು. ಪಾತ್ರೆ ಇಟ್ಟ ಸದ್ದು, ಲೈಟರಿನ ಸದ್ದು. ಸ್ವಲ್ಪ ಹೊತ್ತಿಗೆ ಒಂದು ಲೋಟ ಕಡಕ್ ಕಾಫಿ ತಂದು ಅಪ್ಪನ ಕೈಗೇ ಕೊಟ್ಟಳು. ಅವನು ಕೇಳಿರಲಿಲ್ಲ. ತಲೆಯೂ ನೋಯ್ತಿರಲಿಲ್ಲ. ಅವತ್ತು ಗುರುವಾರ.